ಗೇಣುದ್ದದ ಎಂಜಿನ್ನಿಗೆ ಒಂದು ಗಂಟಲು

ಅರಸೀಕೆರೆಯಲ್ಲಿ ನಮ್ಮ ಮನೆ ಸ್ಟೇಷನ್ನಿಗೆ ಎಷ್ಟು ಹತ್ತಿರವಿತ್ತೆಂದರೆ, ರಾತ್ರಿ ಯಾವ ಗಾಡಿ ಬಂತು, ಯಾವುದು ಹೊರಟಿತು ಎಂದು ಮಲಗಿದಲ್ಲೇ ತಿಳಿಯುತ್ತಿತ್ತು. ಮೀಟರ್ ಗೇಜಿನ ಕಾಲ ಅದು. ವೈಡಿಎಂ-4 ಎಂಜಿನ್ನು ನಿಂತಲ್ಲೇ ಗುಡುಗುಡು ಎನ್ನುತ್ತಿರುತ್ತಿತ್ತು. ಹೊರಡುವಾಗ ಮೊದಲು ದನಿ ಏರುತ್ತಿತ್ತು, ಗಾಡಿ ಕದಲುತ್ತಿದ್ದುದು ಆಮೇಲೆ. ಆ ನಡುವಿನ ಎರಡು ಉಸಿರಿನಷ್ಟು ಹೊತ್ತು ನನಗೆ ಇವತ್ತಿಗೂ ನೆನಪಿದೆ.

ಕ್ಯಾಲಿಫೋರ್ನಿಯಾದಲ್ಲಿರುವ ಭಾವ ಹಳೇ ಸಾಮಾನಿನ ಸಂತೆಯಿಂದ ಒಂದು ನೀಲಿ ಡಬ್ಬಿ ತಂದುಕೊಟ್ಟರು. ಒಳಗಿದ್ದದ್ದು ಅಥರ್ನ್ ಕಂಪನಿ ಮಾಡಿದ, ಆಲ್ಕೊ ಕಂಪನಿಯ ಪಿಎ ರೈಲು ಎಂಜಿನ್ನಿನ ಪುಟ್ಟ ಮಾದರಿ. ಎಚ್‌ಒ ಅಳತೆಯದು, ಅಂದರೆ ನಿಜದ 87ರಲ್ಲಿ ಒಂದು ಪಾಲು. ಸರಿಯಾಗಿ ಒಂದು ಗೇಣು ಉದ್ದ. ನಿಜವಾದ ಪಿಎ 1946ರಲ್ಲಿ ನ್ಯೂಯಾರ್ಕ್ ರಾಜ್ಯದ ಸ್ಕೆನೆಕ್ಟಡಿಯಲ್ಲಿ ಹುಟ್ಟಿತು. ಅದರ ಹೊಟ್ಟೆಯಲ್ಲಿದ್ದದ್ದು 244 ಹೆಸರಿನ 16 ಸಿಲಿಂಡರಿನ ಡೀಸೆಲ್ ಯಂತ್ರ, 2000 ಅಶ್ವಶಕ್ತಿಯದು. ಅದರ ನಂತರ ಆಲ್ಕೊ ರೂಪಿಸಿದ್ದು 251. ನಮ್ಮ ವೈಡಿಎಂ-4ರಲ್ಲಿ ಇದ್ದದ್ದು ಅದೇ 251ರ ಆರು ಸಿಲಿಂಡರಿನ ರೂಪ. ಬ್ರಾಡ್ ಗೇಜಿನ ಡಬ್ಲ್ಯುಡಿಎಂ-2ರಲ್ಲಿ 16 ಸಿಲಿಂಡರಿನದು. ಅರಸೀಕೆರೆಯ ರಾತ್ರಿಗಳ ದನಿಗೆ ಸ್ಕೆನೆಕ್ಟಡಿ ತವರು ಎಂದು ಗೊತ್ತಾದ ದಿನವೇ, ಈ ಮೂಕ ಎಂಜಿನ್ನಿಗೆ ದನಿ ಕೊಡಬೇಕೆಂದು ನಿಶ್ಚಯಿಸಿದೆ. 1969ರಲ್ಲಿ ಆಲ್ಕೊ ರೈಲು ಎಂಜಿನ್ ಮಾಡುವುದನ್ನೇ ನಿಲ್ಲಿಸಿತು. ಆ ಯಂತ್ರಗಳ ಗದ್ದಲ ಉಳಿಯಬೇಕಾದರೆ ಇಂಥ ಕಡೆಯೇ ಉಳಿಯಬೇಕು.

ಹಳೇ ಎಂಜಿನ್ನಿನ ಬದುಕು ಸರಳ. ಹಳಿಯಲ್ಲಿ 12 ವೋಲ್ಟಿನವರೆಗೆ ನೇರ ವಿದ್ಯುತ್ತು. ಹೆಚ್ಚಿಸಿದರೆ ಓಡುತ್ತದೆ, ಇಳಿಸಿದರೆ ನಿಲ್ಲುತ್ತದೆ. ದನಿಗಾಗಿ ನಾನು ಹಿಡಿದ ಡಿಜಿಟಲ್ ಪದ್ಧತಿಯಲ್ಲಿ ಹಾಗಲ್ಲ. ಜರ್ಮನಿಯ ಲೆಂಜ್ ಕಂಪನಿಯ ವಿಧಾನವನ್ನು ಆಧರಿಸಿ ಅಮೆರಿಕದ ಮಾದರಿ ರೈಲಿನವರ ರಾಷ್ಟ್ರೀಯ ಸಂಘ 1990ರ ದಶಕದಲ್ಲಿ ಇದರ ನಿಯಮಗಳನ್ನು ಗೊತ್ತುಮಾಡಿತು. ಹಳಿಯಲ್ಲಿ ಸದಾ ಪೂರ್ತಿ ವಿದ್ಯುತ್ತು ಇರುತ್ತದೆ, ಕ್ಷಣಕ್ಷಣಕ್ಕೂ ದಿಕ್ಕು ಬದಲಿಸುತ್ತಾ. ಆ ಬದಲಾವಣೆಯಲ್ಲೇ ಮಾತು ಅಡಗಿದೆ: ಅರ್ಧ ಅಲೆ 58 ಮೈಕ್ರೊಸೆಕೆಂಡಿನದಾದರೆ ಒಂದು, ಅದಕ್ಕಿಂತ ಉದ್ದ, 100 ಮೈಕ್ರೊಸೆಕೆಂಡು ಅಥವಾ ಹೆಚ್ಚಿದ್ದರೆ ಸೊನ್ನೆ. ಎಂಜಿನ್ನಿನೊಳಗಿನ ಡಿಕೋಡರ್ ಎಂಬ ಪುಟ್ಟ ಫಲಕ ಇದನ್ನು ಓದಿ ಮೋಟಾರು ತಿರುಗಿಸುತ್ತದೆ, ದೀಪ ಹಚ್ಚುತ್ತದೆ, ನಿಜವಾದ ಎಂಜಿನ್ನುಗಳಿಂದ ಧ್ವನಿಮುದ್ರಿಸಿಕೊಂಡ ದನಿಯನ್ನು ನುಡಿಸುತ್ತದೆ.

ತೊಡಕಿರುವುದು ಮೋಟಾರಿನಲ್ಲಿ. ಹಳೇ ಅಥರ್ನ್‌ಗಳಲ್ಲಿ ಲೋಹದ ಚಾಸಿಯೇ ಒಂದು ತಂತಿಯ ಕೆಲಸ ಮಾಡುತ್ತದೆ. ಮೋಟಾರಿನ ಕೆಳಗಿನ ಕ್ಲಿಪ್ಪಿನ ಎರಡು ಮೊನೆಗಳು ಚಾಸಿಗೆ ಒತ್ತಿಕೊಂಡಿರುತ್ತವೆ, ಕಾರ್ಬನ್ ಬ್ರಷ್ಷಿಗೆ ಕರೆಂಟು ಹೋಗುವುದೇ ಅಲ್ಲಿಂದ. ಡಿಕೋಡರ್ ಹಾಕುವಾಗ ಹಳಿಗೂ ಮೋಟಾರಿಗೂ ಈ ನೇರ ನಂಟು ಕಡಿಯಲೇಬೇಕು. ನಾನು ಮೊದಲ ಸಲ ಒಂದು ಮೊನೆಯನ್ನು ಪೂರ್ತಿ ಕತ್ತರಿಸದೆ ಬರೀ ಬಗ್ಗಿಸಿದೆ. ಹಳಿಯ ಮೇಲಿಟ್ಟು ಸ್ವಿಚ್ಚು ಒತ್ತಿದ್ದೇ ತಡ, ಸುಟ್ಟ ವಾಸನೆ. ತಿಂಗಳುಗಟ್ಟಲೆ ಹಣ ಕೂಡಿಟ್ಟು ತರಿಸಿದ ಫಲಕ ಕಣ್ಣೆದುರೇ ಕರಗಿತು. ಆ ದಿನ ಊಟ ಸೇರಲಿಲ್ಲ.

ಎರಡನೇ ಸಲ ಮೊನೆಗಳನ್ನು ಕತ್ತರಿಸಿ, ಮೋಟಾರು ಕೂರುವ ಜಾಗಕ್ಕೆ ವಿದ್ಯುತ್ತು ತಡೆಯುವ ಕ್ಯಾಪ್ಟಾನ್ ಟೇಪು ಅಂಟಿಸಿ, ಎರಡೂ ಬ್ರಷ್ಷುಗಳಿಗೆ ಬೇರೆಬೇರೆ ತಂತಿ ಬೆಸೆದೆ: ಒಂದು ಕಿತ್ತಳೆ, ಒಂದು ಬೂದು. ಹಳಿಯಿಂದ ಬರುವವು ಕೆಂಪು ಮತ್ತು ಕಪ್ಪು. ಆಮೇಲೆ ಮಲ್ಟಿಮೀಟರಿನ ಒಂದು ಕಡ್ಡಿ ಮೋಟಾರಿಗೆ, ಇನ್ನೊಂದು ಚಾಸಿಗೆ. ಬೀಪ್ ಕೇಳಲಿಲ್ಲ. ಆ ಮೌನದಷ್ಟು ಹಿತವಾದದ್ದು ಈ ಹವ್ಯಾಸದಲ್ಲಿ ಇನ್ನೊಂದಿಲ್ಲ. ಹಳೇ ಮೋಟಾರುಗಳು ಕರೆಂಟು ಜಾಸ್ತಿ ಎಳೆಯುತ್ತವೆ. ಚಕ್ರ ಹಿಡಿದು ನಿಲ್ಲಿಸಿದಾಗ ಎಷ್ಟು ಆಂಪಿಯರ್ ಎಂದು ಮೊದಲೇ ಅಳೆದುಕೊಳ್ಳಬೇಕು. ಡಿಕೋಡರ್ ತಡೆಯುವ ಮಿತಿ ಮೀರಿದರೆ ಮೋಟಾರನ್ನೇ ಬದಲಿಸುವುದು ಲೇಸು. ಗಿಯರುಗಳ ಹಳೇ ಗ್ರೀಸು ಒರೆಸಿ, ಕೊಳೆ ಹಿಡಿಯುವ ಕಬ್ಬಿಣದ ಚಕ್ರ ತೆಗೆದು ನಿಕಲ್ ಸಿಲ್ವರಿನದು ಹಾಕುವುದೂ ಆಗಲೇ ಮುಗಿಯಬೇಕು. ಗರಗರ ಎನ್ನುವ ಗಿಯರಿನ ಮೇಲೆ ಎಷ್ಟು ಒಳ್ಳೆಯ ದನಿ ಕೂರಿಸಿದರೂ ಹಿಟ್ಟಿನ ಗಿರಣಿಯಲ್ಲಿ ಸಂಗೀತ ಕೇಳಿದಂತೆಯೇ.

ಸ್ಪೀಕರು ಸಿಕ್ಕಿದ್ದು ಬೆಂಗಳೂರಿನ ಎಸ್.ಪಿ. ರಸ್ತೆಯ ಮೊಬೈಲ್ ಬಿಡಿಭಾಗದ ಅಂಗಡಿಯಲ್ಲಿ, ಸಕ್ಕರೆ ಅಚ್ಚಿನಷ್ಟು ಗಾತ್ರದ್ದು. ಬರಿದಾಗಿ ಇಟ್ಟರೆ ಸೊಳ್ಳೆಯಂತೆ ಗುಂಯ್ ಎನ್ನುತ್ತದೆ, ಏಕೆಂದರೆ ಮುಂದಿನ ಅಲೆಯನ್ನು ಹಿಂದಿನ ಅಲೆ ನುಂಗಿಬಿಡುತ್ತದೆ. ಹಿಂಬದಿಗೆ ಗಾಳಿಯಾಡದ ಪುಟ್ಟ ಡಬ್ಬಿ ಕಟ್ಟಿದರೆ ದನಿಗೆ ಮೈ ಬರುತ್ತದೆ. ಪ್ಲಾಸ್ಟಿಕ್ ಹಾಳೆ ಕತ್ತರಿಸಿ ಡಬ್ಬಿ ಮಾಡಿದೆ. ಮೂಲೆಯಲ್ಲಿ ಕೂದಲೆಳೆಯಷ್ಟು ಸಂದಿ ಉಳಿದಿತ್ತು, ಅದನ್ನು ಅಂಟಿನಿಂದ ಮುಚ್ಚಿದ ಕೂಡಲೇ ಕೇಳಿದ ವ್ಯತ್ಯಾಸಕ್ಕೆ ನಾನೇ ಬೆರಗಾದೆ. ಡೀಸೆಲ್ಲಿನ ನಿಜವಾದ ಗಂಭೀರ ಸ್ವರ ಇಷ್ಟು ಪುಟ್ಟ ಸ್ಪೀಕರಿನಿಂದ ಹೊರಡುವುದಿಲ್ಲ. ಆದರೆ ಮೇಲಿನ ಸ್ವರಗಳು ಸರಿಯಿದ್ದರೆ ಕೆಳಗಿನದನ್ನು ಕಿವಿ ತಾನೇ ತುಂಬಿಕೊಳ್ಳುತ್ತದೆ.

ಮೊದಲ ಸಲ ದನಿ ಹೊರಟಾಗ ಮನೆಯೆಲ್ಲ ತುಂಬಿತು. ಅದು ತಪ್ಪು. ಗೇಣುದ್ದದ ಎಂಜಿನ್ನು ಕೋಣೆಯನ್ನು ನಡುಗಿಸಿದರೆ ಕಣ್ಣು ಕಂಡದ್ದನ್ನು ಕಿವಿ ನಂಬುವುದಿಲ್ಲ. ಅನೇಕರು ಇಲ್ಲೇ ಎಡವುತ್ತಾರೆ, ದನಿ ಹಾಕಿದ ಹುಮ್ಮಸ್ಸಿನಲ್ಲಿ ಅದನ್ನು ತಗ್ಗಿಸಲು ಮನಸ್ಸು ಬರುವುದಿಲ್ಲ. ನಾನು ಮೂರರಲ್ಲಿ ಒಂದು ಪಾಲಿಗೆ ಇಳಿಸಿದೆ. ಆಮೇಲೆ ವೇಗ ಏರುವುದನ್ನು ನಿಧಾನಗೊಳಿಸಿದೆ, ದನಿ ಮೊದಲು ಏರಿ ಚಕ್ರ ತಡವಾಗಿ ತಿರುಗುವ ಹಾಗೆ.

ಈಗ ಕೋಣೆಯ ಬಾಗಿಲಲ್ಲಿ ನಿಂತರೆ, ನಿಂತ ಎಂಜಿನ್ನಿನ ಗುಡುಗುಡು ಕೇಳಿಯೂ ಕೇಳದಷ್ಟು. ಹೊರಡಿಸಿದರೆ ಮಾತ್ರ ದನಿ ಬಾಗಿಲವರೆಗೆ ಬರುತ್ತದೆ. ಎರಡು ಉಸಿರಿನ ಹೊತ್ತು ಅಲ್ಲೇ ನಿಲ್ಲುತ್ತದೆ. ಆಮೇಲೆ ಗಾಡಿ ಕದಲುತ್ತದೆ.