ಮುಳುಗದ ಕೆನೆಯ ಐರಿಷ್ ಕಾಫಿ

ಕಾಕ್‌ಟೇಲ್ ಎಂದರೆ ಶೇಕರ್ ಬೇಕು, ಬಣ್ಣಬಣ್ಣದ ಸಿರಪ್ ಬೇಕು, ಹೆಸರೇ ಬಾಯಿಗೆ ಬಾರದ ಹತ್ತಾರು ಬಾಟಲಿ ಬೇಕು ಎಂದುಕೊಂಡವರು ಐರಿಷ್ ಕಾಫಿಯಿಂದ ಶುರು ಮಾಡಬಹುದು. ಇದಕ್ಕೆ ಬೇಕಾದದ್ದು ನಾಲ್ಕೇ: ಬಿಸಿ ಕಾಫಿ, ವಿಸ್ಕಿ, ಸಕ್ಕರೆ, ತಣ್ಣನೆಯ ಕೆನೆ. ಫಿಲ್ಟರ್ ಕಾಫಿ ಕುಡಿಯುವ ಮನೆಯಲ್ಲಂತೂ ಅರ್ಧ ಕೆಲಸ ದಿನಾ ಬೆಳಿಗ್ಗೆಯೇ ಮುಗಿದಿರುತ್ತದೆ. ಉಳಿದರ್ಧದಲ್ಲಿ ಕಷ್ಟವಿರುವುದು ಒಂದೇ ಕಡೆ. ಕಾಫಿಯ ಮೇಲೆ ಬಿಟ್ಟ ಕೆನೆ ಮುಳುಗಬಾರದು.

ಈ ಪಾನೀಯ ಹುಟ್ಟಿದ್ದು ವಿಮಾನ ನಿಲ್ದಾಣವೊಂದರ ಅಡುಗೆಮನೆಯಲ್ಲಿ. ಐರ್ಲೆಂಡಿನ ಪಶ್ಚಿಮದಲ್ಲಿ, ಶಾನನ್ ನದಿ ಅಗಲವಾಗಿ ಹರಡಿ ಸಮುದ್ರ ಸೇರುವ ಕಡೆ ಫಾಯ್ನ್ಸ್ ಎಂಬ ಪುಟ್ಟ ಊರಿದೆ. 1939ರಿಂದ 1945ರವರೆಗೆ ಅಟ್ಲಾಂಟಿಕ್ ದಾಟುವ ‘ಹಾರುವ ದೋಣಿ’ಗಳು, ಅಂದರೆ ನೀರಿನ ಮೇಲೇ ಇಳಿದು ನೀರಿನಿಂದಲೇ ಮೇಲೇಳುವ ದೊಡ್ಡ ವಿಮಾನಗಳು, ಇಲ್ಲಿ ತಂಗುತ್ತಿದ್ದವು. 1943ರ ಚಳಿಗಾಲದ ಒಂದು ರಾತ್ರಿ ಅಮೆರಿಕದ ಕಡೆ ಹೊರಟಿದ್ದ ವಿಮಾನವೊಂದು ಹವಾಮಾನ ಕೆಟ್ಟು ಅರ್ಧದಾರಿಯಿಂದ ವಾಪಸ್ಸು ಬಂತು. ಚಳಿಗೆ ಸುಸ್ತಾಗಿ ಬಂದ ಪ್ರಯಾಣಿಕರಿಗೆ ಏನಾದರೂ ಬಿಸಿಯಾದದ್ದು ಕೊಡಬೇಕೆಂದು ಅಲ್ಲಿನ ಬಾಣಸಿಗ ಜೋ ಶೆರಿಡನ್ ಕಾಫಿಗೆ ಐರಿಷ್ ವಿಸ್ಕಿ ಬೆರೆಸಿದರು. ಇದು ಬ್ರೆಜಿಲ್ ಕಾಫಿಯೇ ಎಂದು ಯಾರೋ ಕೇಳಿದ್ದಕ್ಕೆ, ಅಲ್ಲ, ಐರಿಷ್ ಕಾಫಿ ಎಂದರಂತೆ ಶೆರಿಡನ್. ಫಾಯ್ನ್ಸ್‌ನಲ್ಲಿರುವ ಹಾರುವ ದೋಣಿಗಳ ಮ್ಯೂಸಿಯಂನಲ್ಲಿ ಈ ಕಥೆಯನ್ನು ಇಂದಿಗೂ ಹೇಳುತ್ತಾರೆ.

ಅಮೆರಿಕದಲ್ಲಿ ಇದಕ್ಕೆ ಹೆಸರು ತಂದವರು ಸ್ಯಾನ್ ಫ್ರಾನ್ಸಿಸ್ಕೊದ ಪತ್ರಕರ್ತ ಸ್ಟಾಂಟನ್ ಡೆಲಾಪ್ಲೇನ್. ಶಾನನ್ ವಿಮಾನ ನಿಲ್ದಾಣದಲ್ಲಿ ಕುಡಿದ ರುಚಿ ಅವರ ನಾಲಗೆಯಲ್ಲೇ ಉಳಿದಿತ್ತು. 1952ರ ನವೆಂಬರಿನಲ್ಲಿ ಬ್ಯೂನ ವಿಸ್ಟ ಕೆಫೆಯ ಮಾಲೀಕ ಜಾಕ್ ಕೆಪ್ಲರ್ ಜೊತೆ ಕೂತು ಅದನ್ನೇ ಮಾಡಲು ಹೊರಟರು. ರುಚಿಯೇನೋ ಬಂತು, ಆದರೆ ಕೆನೆ ಮಾತ್ರ ಪ್ರತಿ ಸಲವೂ ತಳ ಸೇರುತ್ತಿತ್ತು. ಕೊನೆಗೆ ದಾರಿ ತೋರಿದವರು ಡೈರಿ ನಡೆಸುತ್ತಿದ್ದ, ಮುಂದೆ ಆ ನಗರದ ಮೇಯರ್ ಆದ ಜಾರ್ಜ್ ಕ್ರಿಸ್ಟೋಫರ್. ಕೆನೆಯನ್ನು 48 ಗಂಟೆ ಇಟ್ಟು, ಆಮೇಲೆ ಹದವಾಗಿ ನೊರೆ ಬರಿಸಿದರೆ ತೇಲುತ್ತದೆ ಎಂಬುದು ಅವರು ಕೊಟ್ಟ ಉಪಾಯ.

ಕೆನೆ ಮುಳುಗುವುದಕ್ಕೆ ಕಾರಣ ವಿಸ್ಕಿಯಲ್ಲೇ ಇದೆ. ಮದ್ಯ ನೀರಿಗಿಂತ ಹಗುರ. ಅದು ಸೇರಿದ ಕಾಫಿಯೂ ಹಗುರಾಗುತ್ತದೆ. ಬಿಸಿ ಅದನ್ನು ಇನ್ನಷ್ಟು ಹಗುರ ಮಾಡುತ್ತದೆ. ಮೇಲೆ ಬಿಟ್ಟ ತಣ್ಣನೆಯ ಕೆನೆ ಸಹಜವಾಗಿಯೇ ಕೆಳಗಿಳಿಯುತ್ತದೆ. ಇದಕ್ಕೆ ಎರಡು ಕಡೆಯಿಂದ ಮದ್ದು ಮಾಡಬೇಕು. ಸಕ್ಕರೆ ಕರಗಿಸಿ ಕಾಫಿಯ ತೂಕ ಹೆಚ್ಚಿಸುವುದು, ಕಡೆದು ಗಾಳಿ ತುಂಬಿಸಿ ಕೆನೆಯ ತೂಕ ಇಳಿಸುವುದು. ಹಾಗಾಗಿ ‘ನಾನು ಸಕ್ಕರೆ ಹಾಕಿಕೊಳ್ಳುವುದಿಲ್ಲ’ ಎನ್ನುವವರೂ ಇಲ್ಲಿ ಒಂದು ಚಮಚದಷ್ಟಕ್ಕೆ ಒಪ್ಪಿಕೊಳ್ಳುವುದೇ ಸರಿ.

ಒಂದು ಲೋಟಕ್ಕೆ ಅಳತೆ ಹೀಗೆ: ಬಿಸಿ ಕಾಫಿ 120 ಮಿಲಿ, ವಿಸ್ಕಿ 50 ಮಿಲಿ, ಸಕ್ಕರೆ ಒಂದು ಟೀ ಚಮಚ, ಕೆನೆ 50 ಮಿಲಿ. ಕಾಫಿಗೆ ನಮ್ಮ ಫಿಲ್ಟರಿನ ಡಿಕಾಕ್ಷನ್ನೇ ಸಾಕು. ಮೊದಲ ಗಟ್ಟಿ ಡಿಕಾಕ್ಷನ್‌ಗೆ ಅಷ್ಟೇ ಕುದಿನೀರು ಸೇರಿಸಿ. ತಣ್ಣಗಾಗಿದ್ದರೆ ಒಲೆಯ ಮೇಲೆ ಕುದಿಸಬೇಡಿ, ಘಮ ಹೋಗಿ ಕಹಿ ಉಳಿಯುತ್ತದೆ. ಬಿಸಿನೀರಿನ ಪಾತ್ರೆಯೊಳಗೆ ಇಟ್ಟು ಬಿಸಿ ಮಾಡಿ. ಪುಡಿಯಲ್ಲಿ ಒಂದಿಷ್ಟು ಚಿಕೋರಿ ಇದ್ದರೆ ಅಡ್ಡಿಯಿಲ್ಲ, ಜಾಸ್ತಿಯಾದರೆ ವಿಸ್ಕಿಯ ವಾಸನೆ ಅದರಡಿ ಮುಚ್ಚಿಹೋಗುತ್ತದೆ. ಐರಿಷ್ ವಿಸ್ಕಿ ಸಿಗದಿದ್ದರೆ ಹೊಗೆ ವಾಸನೆಯಿಲ್ಲದ ಯಾವುದಾದರೂ ಮೆದು ಮಾಲ್ಟ್ ವಿಸ್ಕಿ ಆದೀತು.

ನಮ್ಮಲ್ಲಿ ಹೆಚ್ಚಿನವರು ಸೋಲುವುದು ಕೆನೆಯಲ್ಲಿ. ಹಾಲು ಕಾಯಿಸಿ ಆರಿದ ಮೇಲೆ ಕಟ್ಟುವ ಕೆನೆ ಚೂರುಚೂರಾಗಿ ನಿಲ್ಲುತ್ತದೆ, ನೊರೆಯಾಗುವುದಿಲ್ಲ. ಅಂಗಡಿಯ ಸಾಮಾನ್ಯ ಫ್ರೆಶ್ ಕ್ರೀಮ್‌ನಲ್ಲಿ ಕೊಬ್ಬು ಸುಮಾರು ಶೇ. 25 ಇರುವುದರಿಂದ ಅದಕ್ಕೆ ಗಾಳಿ ಹಿಡಿದಿಡುವ ಶಕ್ತಿ ಸಾಲದು. ಕೇಕಿನ ಅಲಂಕಾರಕ್ಕೆಂದು ಮಾರುವ, ಸಕ್ಕರೆ ಬೆರೆತ ಸಸ್ಯಕೊಬ್ಬಿನ ಕ್ರೀಮ್ ಬೇಡವೇ ಬೇಡ. ಶೇ. 35ರಷ್ಟು ಹಾಲಿನ ಕೊಬ್ಬಿರುವ ವಿಪ್ಪಿಂಗ್ ಕ್ರೀಮ್ ಕೇಳಿ ತನ್ನಿ. ಸ್ಟೀಲ್ ಬಟ್ಟಲನ್ನೂ ಫ್ರಿಜ್‌ನಲ್ಲಿಟ್ಟು ತಣ್ಣಗೆ ಮಾಡಿ, ಅದರಲ್ಲಿ ಕ್ರೀಮ್ ಹಾಕಿ ವಿಸ್ಕ್‌ನಿಂದ ಕೈಯಲ್ಲೇ ಕಡೆಯಿರಿ. ವಿಸ್ಕ್ ಎಳೆದ ಗೆರೆ ಒಂದೆರಡು ಕ್ಷಣ ನಿಂತು ಮುಚ್ಚಿಕೊಂಡರೆ ಹದ ಬಂದಂತೆ. ಚಮಚ ಎತ್ತಿದಾಗ ದೋಸೆ ಹಿಟ್ಟಿನಂತೆ ಜಾರಬೇಕು. ಗೆರೆ ಮುಚ್ಚದೆ ಹಾಗೇ ನಿಂತಿತೆಂದರೆ ಹದ ಮೀರಿತು. ಇನ್ನೂ ಕಡೆದರೆ ಬೆಣ್ಣೆ ಬರುತ್ತದೆ.

ಇನ್ನುಳಿದದ್ದು ಎರಡು ನಿಮಿಷದ ಕೆಲಸ. ದಪ್ಪ ಗಾಜಿನ ಲೋಟಕ್ಕೆ ಬಿಸಿನೀರು ತುಂಬಿ, ಲೋಟ ಬೆಚ್ಚಗಾದ ಮೇಲೆ ಚೆಲ್ಲಿ. ಸಕ್ಕರೆ ಹಾಕಿ, ಕಾಫಿ ಸುರಿದು, ಒಂದು ಹರಳೂ ಉಳಿಯದಂತೆ ಕದಡಿ, ಆಮೇಲೆ ವಿಸ್ಕಿ. ಸುಳಿ ನಿಲ್ಲುವವರೆಗೆ ಕಾಯಿರಿ. ಚಮಚವನ್ನು ಬೋರಲಾಗಿಸಿ ಕಾಫಿಗೆ ತಾಗಿಯೂ ತಾಗದಂತೆ ಹಿಡಿದು, ಅದರ ಬೆನ್ನ ಮೇಲಿಂದ ಕೆನೆಯನ್ನು ನಿಧಾನವಾಗಿ ಇಳಿಬಿಡಿ. ಕಪ್ಪು ಕಾಫಿಯ ಮೇಲೆ ಬೆರಳಗಲದ ಬಿಳಿ ಪಟ್ಟಿ ಗೆರೆ ಕೊರೆದಂತೆ ನಿಲ್ಲುತ್ತದೆ.

ಕುಡಿಯುವಾಗ ಕದಡಬಾರದು, ಸ್ಟ್ರಾ ಹಾಕಬಾರದು. ಸಿಹಿಯಿಲ್ಲದ ತಣ್ಣನೆಯ ಕೆನೆಯನ್ನು ಹಾದು ಸಿಹಿಯಾದ ಬಿಸಿ ಕಾಫಿ ಬಾಯಿಗೆ ಬರಬೇಕು, ಮಜಾ ಇರುವುದೇ ಅದರಲ್ಲಿ. ಊಟವಾದ ಮೇಲೆ ಸಿಹಿತಿಂಡಿಯ ಜಾಗದಲ್ಲಿ ಕೊಟ್ಟರೆ ಚೆನ್ನ. ಕಾಫಿ ಜೊತೆಗಿದೆಯಲ್ಲ, ಅಮಲೇರುವುದಿಲ್ಲ ಎಂದುಕೊಳ್ಳಬೇಡಿ. ಕೆಫೀನ್ ನಿದ್ದೆಯನ್ನು ದೂರವಿಡುತ್ತದೆಯೇ ಹೊರತು ರಕ್ತಕ್ಕೆ ಸೇರಿದ ಮದ್ಯವನ್ನು ಕಡಿಮೆ ಮಾಡುವುದಿಲ್ಲ; ಕುಡಿದವರ ಕೈಗೆ ಗಾಡಿಯ ಕೀ ಬೇಡ. ಎರಡನೇ ಲೋಟ ಬೇಕೆನಿಸಿದರೆ ವಿಸ್ಕಿ ಬಿಟ್ಟು ಮಾಡಿ. ಕಾಫಿಯನ್ನು ಹಗುರ ಮಾಡುವ ಮದ್ಯ ಇಲ್ಲದ್ದರಿಂದ ಕೆನೆ ಇನ್ನೂ ಸಲೀಸಾಗಿ ತೇಲುತ್ತದೆ, ಮದ್ಯ ಮುಟ್ಟದವರಿಗೂ ಒಂದು ಲೋಟ ಸಿಗುತ್ತದೆ.