ಆಸ್ಪತ್ರೆಯ ಹಳೆಯ ಪಂಪು: ಬದಲಿಸುವ ಮುನ್ನ, ಬದಲಿಸುವಾಗ

ಮೂರನೇ ಮಹಡಿಯ ವಾರ್ಡಿನ ನಲ್ಲಿಯಲ್ಲಿ ನೀರು ಸಣ್ಣಗಾಯಿತೆಂದರೆ ಆಸ್ಪತ್ರೆಗಳಲ್ಲಿ ಥಟ್ಟನೆ ಹೊಳೆಯುವ ಪರಿಹಾರ ಒಂದೇ: ಐದು ಎಚ್‌ಪಿ ಮೋಟಾರು ತೆಗೆದು ಏಳೂವರೆಯದು ಕೂರಿಸುವುದು. ಎಷ್ಟೋ ಸಲ ಕರೆಂಟ್ ಬಿಲ್ಲು ಏರುತ್ತದೆ, ನಲ್ಲಿ ಮಾತ್ರ ಹಾಗೇ ಉಳಿಯುತ್ತದೆ. ಪಂಪು ಸವೆದಿದೆಯೇ, ಪೈಪಿನೊಳಗೆ ತುಕ್ಕು ಕಟ್ಟಿದೆಯೇ, ಇಲ್ಲವೇ ಆಸ್ಪತ್ರೆಯೇ ಬೆಳೆದುಬಿಟ್ಟಿದೆಯೇ ಎಂದು ಮೊದಲು ಅಳೆದು ತಿಳಿಯಬೇಕು.

ಬೇಡಿಕೆಯ ಲೆಕ್ಕ ಕಷ್ಟದ್ದಲ್ಲ. ನೂರು ಹಾಸಿಗೆಯವರೆಗಿನ ಆಸ್ಪತ್ರೆಗೆ ಹಾಸಿಗೆಯೊಂದಕ್ಕೆ ದಿನಕ್ಕೆ 340 ಲೀಟರ್, ಅದಕ್ಕಿಂತ ದೊಡ್ಡದಕ್ಕೆ 450 ಲೀಟರ್ ಎನ್ನುತ್ತದೆ ಭಾರತೀಯ ಮಾನದಂಡ. 200 ಹಾಸಿಗೆಗೆ ದಿನಕ್ಕೆ 90,000 ಲೀಟರ್ ಆಯಿತು. ಪಂಪು ಕೂರಿಸಿದ ಮೇಲೆ ಬಂದ ಘಟಕಗಳನ್ನು ಬೇರೆಯಾಗಿಯೇ ಎಣಿಸಬೇಕು. ನಿಮಿಷಕ್ಕೆ 500 ಮಿಲಿಲೀಟರಿನಂತೆ ನಾಲ್ಕು ಗಂಟೆಯ ಒಂದು ಡಯಾಲಿಸಿಸ್‌ಗೆ 120 ಲೀಟರ್ ದ್ರಾವಣ ಬೇಕು. ಆರ್‌ಒ ಯಂತ್ರ ಹೊರಚೆಲ್ಲುವ ನೀರೂ ಸೇರಿದರೆ ಸಂಪಿನಿಂದ ಹೋಗುವುದು ಇನ್ನೂ ಹೆಚ್ಚು.

ಇನ್ನು ಪಂಪಿನ ಪರೀಕ್ಷೆ. ಇದಕ್ಕೆ ದುಬಾರಿ ಉಪಕರಣ ಬೇಕಿಲ್ಲ. ಸಂಪಿಗೆ ಬರುವ ನೀರನ್ನು ನಿಲ್ಲಿಸಿ, ಹತ್ತು ನಿಮಿಷ ಪಂಪು ಓಡಿಸಿ, ನೀರಿನ ಮಟ್ಟ ಎಷ್ಟು ಇಳಿಯಿತೆಂದು ಕೋಲಿನಿಂದ ಅಳೆಯಿರಿ. 4 ಮೀಟರ್ ಉದ್ದ, 3 ಮೀಟರ್ ಅಗಲದ ಸಂಪಿನಲ್ಲಿ 25 ಸೆಂಟಿಮೀಟರ್ ಇಳಿದರೆ 3,000 ಲೀಟರ್ ಮೇಲೆ ಹೋಗಿದೆ, ಅಂದರೆ ಸೆಕೆಂಡಿಗೆ 5 ಲೀಟರ್. ಪಂಪಿನ ಬಾಯಲ್ಲಿರುವ ಗೇಜ್ 3 ಕೆಜಿ ಒತ್ತಡ ತೋರಿಸಿದರೆ ಅದು ಸುಮಾರು 30 ಮೀಟರ್ ಎತ್ತರಕ್ಕೆ ಸಮ. ಇಷ್ಟು ನೀರನ್ನು ಇಷ್ಟೆತ್ತರಕ್ಕೆ ಎತ್ತಲು ನಿಜಕ್ಕೂ ಬೇಕಾದ ಶಕ್ತಿ ಸುಮಾರು 1.5 ಕಿಲೋವ್ಯಾಟ್. ಪ್ಯಾನೆಲ್ಲಿನ ಮೀಟರು 5 ಕಿಲೋವ್ಯಾಟ್ ಎನ್ನುತ್ತಿದ್ದರೆ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಕರೆಂಟು ವ್ಯರ್ಥವಾಗುತ್ತಿದೆ. ಟೆಂಡರ್ ಕರೆಯುವ ಮೊದಲು ಈ ಅಳತೆ ಮಾಡದ ಎಂಜಿನಿಯರನ್ನು ನಾನು ಒಪ್ಪಲಾರೆ.

ವ್ಯರ್ಥವಾಗಲು ಕಾರಣಗಳಿವೆ. ಇಂಪೆಲ್ಲರ್ ಮತ್ತು ವೇರ್ ರಿಂಗ್ ಸವೆದು ಸಂದು ಅಗಲವಾದಂತೆ, ಎತ್ತಿದ ನೀರು ಪಂಪಿನೊಳಗೇ ಹಿಂದಕ್ಕೆ ಸುತ್ತುತ್ತದೆ. ಸುಟ್ಟ ಮೋಟಾರನ್ನು ಸರಿಯಾಗಿ ವೈಂಡಿಂಗ್ ಮಾಡಿಸದಿದ್ದರೆ ಅದರ ದಕ್ಷತೆಯೂ ಕುಗ್ಗುತ್ತದೆ. ಹಳೆಯ ಜಿಐ ಪೈಪಿನಲ್ಲಿ ತುಕ್ಕು, ಬೋರ್‌ವೆಲ್‌ನ ಗಡಸು ನೀರಿನ ಸುಣ್ಣ ಕಟ್ಟಿಕೊಂಡು ದಾರಿ ಕಿರಿದಾಗಿದ್ದರೆ ಪಂಪನ್ನು ಬೈದು ಫಲವಿಲ್ಲ. ಅದೇ ಪೈಪಿನಲ್ಲಿ ಎರಡರಷ್ಟು ನೀರು ತಳ್ಳಹೊರಟರೆ ಘರ್ಷಣೆಯ ನಷ್ಟ ನಾಲ್ಕು ಪಟ್ಟಾಗುತ್ತದೆ.

ಹೊಸ ವ್ಯವಸ್ಥೆಯೆಂದರೆ ಈಗ ಹೆಚ್ಚಾಗಿ ಹೈಡ್ರೋ-ನ್ಯುಮ್ಯಾಟಿಕ್ ಸೆಟ್. ಎರಡು ಮೂರು ಪಂಪು, ಒಂದು ಒತ್ತಡದ ಟ್ಯಾಂಕು, ಒಂದು ಸೆನ್ಸರ್, ಮೋಟಾರಿನ ವೇಗ ಏರಿಳಿಸುವ ವಿಎಫ್‌ಡಿ. ನಲ್ಲಿಗಳು ತೆರೆದಂತೆ ವೇಗ ಏರುತ್ತದೆ, ಮುಚ್ಚಿದಂತೆ ಇಳಿಯುತ್ತದೆ. ವೇಗವನ್ನು ಶೇ. 80ಕ್ಕೆ ಇಳಿಸಿದರೆ ವಿದ್ಯುತ್ ಅರ್ಧಕ್ಕೆ ಇಳಿಯುತ್ತದೆಂದು ಮಾರುವವರು ಹೇಳುತ್ತಾರೆ. ಪೈಪಿನ ಘರ್ಷಣೆಯನ್ನಷ್ಟೇ ಗೆಲ್ಲಬೇಕಾದ ಕಡೆ ಅದು ನಿಜ. ಸಂಪಿನಿಂದ ಮಹಡಿ ಟ್ಯಾಂಕಿಗೆ ತುಂಬುವ ಪಂಪು ವೇಗ ಎಷ್ಟೇ ಇಳಿಸಿದರೂ ಆ ಎತ್ತರವನ್ನು ಏರಲೇಬೇಕು. ಅಲ್ಲಿ ವಿಎಫ್‌ಡಿಯಿಂದ ಉಳಿತಾಯ ಅಲ್ಪ, ಎತ್ತರಕ್ಕೂ ಹರಿವಿಗೂ ಸರಿಹೊಂದುವ ಪಂಪು ಆರಿಸುವುದರಲ್ಲೇ ಲಾಭ. ಹೊಸ ಸೆಟ್ ಬಂತೆಂದು ಮಹಡಿ ಟ್ಯಾಂಕನ್ನು ಕಿತ್ತುಹಾಕಬೇಡಿ. ಕರೆಂಟೂ ಹೋಗಿ ಜನರೇಟರೂ ಕೈಕೊಟ್ಟ ಹೊತ್ತಿನಲ್ಲಿ ಹೆರಿಗೆ ಕೋಣೆಗೆ ನೀರು ತಾನಾಗಿ ಇಳಿದುಬರುವುದು ಆ ಟ್ಯಾಂಕಿನಿಂದ ಮಾತ್ರ.

ಬದಲಿಸುವ ಕೆಲಸವೇ ನಿಜವಾದ ಪರೀಕ್ಷೆ, ಏಕೆಂದರೆ ಆಸ್ಪತ್ರೆಯಲ್ಲಿ ನೀರು ನಿಲ್ಲಿಸಲು ರಜೆಯ ದಿನವೆಂಬುದಿಲ್ಲ. ಹಳೆಯ ಪಂಪು ಓಡುತ್ತಿರುವಾಗಲೇ ಪಕ್ಕದಲ್ಲಿ ಹೊಸದಕ್ಕೆ ಅಡಿಪಾಯ ಹಾಕಿ, ಪೈಪು ಜೋಡಿಸಿ, ಒತ್ತಡ ಪರೀಕ್ಷೆಯನ್ನೂ ಮುಗಿಸಬೇಕು. ಕೊನೆಯ ಜೋಡಣೆಯೊಂದನ್ನೇ ರಾತ್ರಿಗೆ ಇಟ್ಟುಕೊಳ್ಳಿ. ಅಂದು ಮಹಡಿ ಟ್ಯಾಂಕು ತುಂಬಿರಲಿ, ಆವರಣದಲ್ಲಿ ಟ್ಯಾಂಕರ್ ನಿಂತಿರಲಿ. ಆಪರೇಷನ್ ಥಿಯೇಟರ್, ಐಸಿಯು, ಡಯಾಲಿಸಿಸ್ ಘಟಕದ ಸಿಸ್ಟರ್‌ಗಳಿಗೆ ಹೊತ್ತನ್ನು ಮೊದಲೇ ಬರೆದು ತಿಳಿಸಿರಬೇಕು. ಬೆಂಕಿ ನಂದಿಸುವ ಪಂಪಿಗೂ ಅದಕ್ಕೆಂದು ಮೀಸಲಿಟ್ಟ ನೀರಿಗೂ ಒಂದು ರಾತ್ರಿಯ ಮಟ್ಟಿಗೂ ಕೈ ಹಾಕುವಂತಿಲ್ಲ.

ಜೋಡಣೆ ಮುಗಿದ ಕೂಡಲೇ ನೀರು ಬಿಡಬಾರದು. ಹೊಸ ಪೈಪನ್ನು ತೊಳೆದು, ಲೀಟರಿಗೆ 50 ಮಿಲಿಗ್ರಾಂ ಕ್ಲೋರಿನ್ ಇರುವ ನೀರು ತುಂಬಿ ಒಂದು ಗಂಟೆ ಬಿಟ್ಟು ಹೊರಹಾಕುವುದು ರೂಢಿಯಲ್ಲಿರುವ ಒಂದು ಕ್ರಮ. ಆಗ ಡಯಾಲಿಸಿಸ್ ಘಟಕದ ವಾಲ್ವ್ ಮುಚ್ಚಿರಲೇಬೇಕು. ಡಯಾಲಿಸಿಸ್ ದ್ರಾವಣದಲ್ಲಿ ಕ್ಲೋರಿನ್ ಸೇರಿದರೆ ರೋಗಿಯ ಕೆಂಪು ರಕ್ತಕಣಗಳು ಒಡೆಯುತ್ತವೆ. ತೆರೆಯುವ ಮೊದಲು ಅಲ್ಲಿಯ ತಂತ್ರಜ್ಞರೇ ನೀರು ಪರೀಕ್ಷಿಸಿ ಒಪ್ಪಿಗೆ ಕೊಡಲಿ. ಹಳೆಯ ಪಂಪಿಗೆ ಹೋಗುತ್ತಿದ್ದ ಪೈಪಿನ ತುಂಡುಗಳನ್ನು ಬರೀ ಮುಚ್ಚಳ ಹಾಕಿ ಬಿಡದೆ ಬುಡದಿಂದಲೇ ಕತ್ತರಿಸಿ ತೆಗೆಯಿರಿ. 20ರಿಂದ 45 ಡಿಗ್ರಿ ಸೆಲ್ಸಿಯಸ್‌ನ ನಿಂತ ನೀರು ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಕ್ಕೆ ಹೇಳಿ ಮಾಡಿಸಿದ ಜಾಗ. ನಮ್ಮ ಹವೆಯಲ್ಲಿ ತಣ್ಣೀರಿನ ಪೈಪೂ ವರ್ಷದ ಬಹುಪಾಲು ಈ ಮಿತಿಯೊಳಗೇ ಇರುತ್ತದೆ. ಶ್ವಾಸಕೋಶ ಸೋತವರಿಗೆ ಈ ಬ್ಯಾಕ್ಟೀರಿಯಾ ಪ್ರಾಣಾಂತಿಕವಾಗಬಹುದು.

ಗುತ್ತಿಗೆಯಲ್ಲಿ ಇನ್ನೆರಡು ವಿಷಯ ಬರೆಸಿಕೊಳ್ಳಿ. ಸೆನ್ಸರ್ ಕೆಟ್ಟರೆ ಇಡೀ ಸೆಟ್ ನಿಂತುಬಿಡಬಹುದು, ಆದ್ದರಿಂದ ವಿಎಫ್‌ಡಿಯನ್ನು ಬಿಟ್ಟು ಕೈಯಿಂದಲೇ ಪಂಪು ಚಾಲೂ ಮಾಡುವ ಸ್ವಿಚ್ಚು ಇರಬೇಕು, ರಾತ್ರಿ ಪಾಳಿಯ ಆಪರೇಟರ್‌ಗೆ ಅದನ್ನು ಮಾಡಿ ತೋರಿಸಿರಬೇಕು. ಮೆಕ್ಯಾನಿಕಲ್ ಸೀಲ್, ಬೇರಿಂಗ್ ಮತ್ತು ಒಂದು ಸೆನ್ಸರ್ ಪಂಪಿನ ಜೊತೆಗೇ ಬಂದು ಸ್ಟೋರ್ ಸೇರಬೇಕು.