ನಾಯಿಯನ್ನು ಅಡ್ಡಾಡಿಸುವ ಉದ್ಯೋಗ

ಪ್ರಾಣಿಗಳ ಮೇಲಣ ಕ್ರೌರ್ಯವನ್ನು ತಡೆಯಲೆಂದು 1960ರಲ್ಲಿ ನಮ್ಮ ಸಂಸತ್ತು ಅಂಗೀಕರಿಸಿದ ಅಧಿನಿಯಮದ 11ನೆಯ ಪ್ರಕರಣವು, ಸದಾಕಾಲ ಸರಪಳಿಯಲ್ಲಿಯೋ ಇಕ್ಕಟ್ಟಾದ ಗೂಡಿನಲ್ಲಿಯೋ ಇರಿಸಿದ ನಾಯಿಯನ್ನು ತಾನೂ ಅಡ್ಡಾಡಿಸದ, ಪರರ ಕೈಯಿಂದಲೂ ಅಡ್ಡಾಡಿಸದ ಒಡೆಯನನ್ನು ಅಪರಾಧಿಯೆಂದೇ ಎಣಿಸುತ್ತದೆ. ಮೊದಲ ಅಪರಾಧಕ್ಕೆ ದಂಡವು 10 ರೂಪಾಯಿಯಿಂದ 50 ರೂಪಾಯಿಯವರೆಗೆ. ಇಷ್ಟಕ್ಕೆ ಅಂಜಿ ನಾಯಿಯ ಸರಪಳಿಯನ್ನು ಬಿಚ್ಚಿದ ಗೃಹಸ್ಥನು ಹಾವೇರಿ ಜಿಲ್ಲೆಯಲ್ಲಿ ಒಬ್ಬನಾದರೂ ಇದ್ದಾನೆಂದು ನನಗೆ ತೋರುವುದಿಲ್ಲ. ಆದರೆ, ಬೆಂಗಳೂರಿನಲ್ಲಿ ಪರರ ನಾಯಿಗಳನ್ನು ತಿಂಗಳ ವೇತನಕ್ಕೆ ಅಡ್ಡಾಡಿಸುವ ವೃತ್ತಿಯು ರೂಢಿಗೆ ಬಂದಿರುವುದನ್ನು ಕಂಡು ಊರಿಗೆ ಮರಳಿದ ತರುಣನೊಬ್ಬನು, ಇದನ್ನೇ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳಲ್ಲಿ ಏಕೆ ಮಾಡಬಾರದೆಂದು ಕೇಳಿದರೆ, ಅವನನ್ನು ನಕ್ಕು ಸಾಗಹಾಕುವುದು ಉಚಿತವಲ್ಲ.

ನಗುವವರ ಆಕ್ಷೇಪವು ಒಂದೇ: ನಾಯಿಗೊಬ್ಬ ಆಳೇ? ಇದನ್ನು ಹೇಳುವವರೇ ರಾಣೆಬೆನ್ನೂರು ತಾಲ್ಲೂಕಿನ ದೇವರಗುಡ್ಡಕ್ಕೆ ಹೋದಾಗ, ಕಂಬಳಿಯನ್ನು ಹೊದ್ದು, ಮಾಲತೇಶಸ್ವಾಮಿಯ ನಾಯಿಗಳೇ ತಾವೆಂದು ಭಾವಿಸಿ, ದೋಣಿಯಲ್ಲಿ ನೀಡಿದ ನೈವೇದ್ಯಕ್ಕೆ ಬಾಯಿ ಹಚ್ಚಿ ಉಣ್ಣುವ ಗೊರವರ ಮುಂದೆ ಕೈಮುಗಿದು ನಿಲ್ಲುತ್ತಾರೆ. ಕುರಿಗಾರನ ನಾಯಿಗಂತೂ ಹಿಂಡಿನ ಹಿಂದೆ ದಿನವಿಡೀ ನಡೆಯುವುದೇ ಬಾಳಾದ್ದರಿಂದ ಅದರ ವ್ಯಾಯಾಮದ ಚಿಂತೆ ಯಾರಿಗೂ ಇಲ್ಲ. ಚಿಂತೆ ಇರುವುದು ಹಾವೇರಿಯ ವಿದ್ಯಾನಗರ, ಬಸವೇಶ್ವರನಗರಗಳಂಥ ಬಡಾವಣೆಗಳಲ್ಲಿ. ಬೆಂಗಳೂರಿನ ಮಗನು ತಂದು ಬಿಟ್ಟುಹೋದ ಲ್ಯಾಬ್ರಡಾರ್ ನಾಯಿಯ ಹಗ್ಗವನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡು, ಒಂದು ಕಾಲಿನ ಚಪ್ಪಲಿಯನ್ನು ಹಿಂದೆಯೇ ಬಿಟ್ಟು, "ನಿಂದರೋ, ನಿಂದರೋ" ಎಂದು ಕೂಗುತ್ತ ಅದರ ಹಿಂದೆ ಎಳೆಯಲ್ಪಡುವ ನಿವೃತ್ತ ಶಿಕ್ಷಕರನ್ನು ಅಲ್ಲಿ ಬೆಳಗಿನ ಜಾವದಲ್ಲಿ ಕಾಣಬಹುದು. ಈ ವೃತ್ತಿಗೆ ಗಿರಾಕಿಗಳು ಅಂಥವರೇ.

ಹಾಗೆಂದು ಮೂರೂ ಊರುಗಳಿಗೆ ಒಂದೇ ಲೆಕ್ಕ ಸಲ್ಲದು. 2011ರಲ್ಲಿ ಭೌಗೋಳಿಕ ಸೂಚಕದ ಮನ್ನಣೆ ಪಡೆದ ಬ್ಯಾಡಗಿಯ ಮೆಣಸಿನಕಾಯಿಯು ಬಣ್ಣಕ್ಕೆ ಪ್ರಸಿದ್ಧವೇ ಹೊರತು ಖಾರಕ್ಕಲ್ಲವೆಂಬುದು ನಿಜ. ಆದರೂ ಸುಗ್ಗಿಯ ತಿಂಗಳುಗಳಲ್ಲಿ, ಅದರಲ್ಲಿಯೂ ಸಂತೆಯ ಸೋಮವಾರ ಗುರುವಾರಗಳಂದು, ಚೀಲಗಳಿಂದೆದ್ದ ಧೂಳಿಗೆ ಮನುಷ್ಯನೇ ಮೂಗು ಮುಚ್ಚಿಕೊಳ್ಳುವ ಮಾರುಕಟ್ಟೆಯ ಸುತ್ತಮುತ್ತ, ನೆಲವನ್ನು ಮೂಸದೆ ಹೆಜ್ಜೆಯಿಡಲಾರದ ಪ್ರಾಣಿಯನ್ನು ಕರೆದೊಯ್ಯುವುದು ಹಿಂಸೆಯೇ ಸರಿ. ಬ್ಯಾಡಗಿಯನ್ನು ಸದ್ಯಕ್ಕೆ ಬಿಡುವುದು ಲೇಸು. ಬೀಜ, ಅರಳೆಗಳ ವ್ಯಾಪಾರದಿಂದ ಬೆಳೆದ ರಾಣೆಬೆನ್ನೂರಿನಲ್ಲಿ ಅಂಗಳವುಳ್ಳ ಮನೆಗಳೂ ಕಾವಲಿಗೆ ಕಟ್ಟಿದ ನಾಯಿಗಳೂ ಉಂಟು. ಮುಧೋಳ ತಳಿಯ ಮೇಲಿನ ಅಭಿಮಾನವೂ ಉಂಟು. 2005ರಲ್ಲಿ ಅಂಚೆಚೀಟಿಯ ಗೌರವವನ್ನು ಪಡೆದ ಈ ತಳಿಯು ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವಂಥದು; ಊರಿನ ಸಮೀಪದಲ್ಲಿಯೋ 1974ರಲ್ಲಿ ಘೋಷಿತವಾದ, 119 ಚದರ ಕಿಲೋಮೀಟರಿನ ಕೃಷ್ಣಮೃಗ ಅಭಯಾರಣ್ಯ. ಹುಲ್ಲುಗಾವಲಿನ ಅಂಚಿನಲ್ಲಿ ಹಗ್ಗ ಬಿಚ್ಚಿದ ನಾಯಿಯು ಜಿಂಕೆಯನ್ನು ಅಟ್ಟಿದರೆ, ಅದನ್ನು ಬಿಟ್ಟವನು 1972ರ ವನ್ಯಜೀವಿ ಕಾಯಿದೆಯ ಕಣ್ಣಿಗೆ ಬೇಟೆಗಾರನಾಗಿ ಕಂಡಾನು.

ಇನ್ನು ಹಣದ ಮಾತು. ಬೇಸಿಗೆಯಲ್ಲಿ ಡಾಂಬರು ಕಾದು ಅಂಗಾಲು ಸುಡುವುದಕ್ಕೆ ಮುನ್ನ, ಅಂದರೆ ಐದೂವರೆಯಿಂದ ಎಂಟೂವರೆಯೊಳಗೆ, ನಾಯಿಗೆ ಅರ್ಧ ಗಂಟೆಯಂತೆ, ಮನೆಯಿಂದ ಮನೆಗೆ ಹೋಗುವ ಹೊತ್ತನ್ನೂ ಕಳೆದು, ಒಬ್ಬನಿಗೆ ಐದು ನಾಯಿಗಳು ದಕ್ಕಿಯಾವು. ಬೇರೆಬೇರೆ ಮನೆಗಳ ನಾಯಿಗಳನ್ನು ಮೊದಲ ದಿನವೇ ಒಟ್ಟಿಗೆ ಹಿಡಿಯುವ ಸಾಹಸವನ್ನು ಮಾಡತಕ್ಕುದಲ್ಲ. ತಲೆಗೆ ತಿಂಗಳಿಗೆ 1,500 ರೂಪಾಯಿ ದೊರೆಯಿತೆನ್ನೋಣ, 7,500 ಆಯಿತು. ಸಂಜೆಯೂ ಅವನ್ನೇ ಅಡ್ಡಾಡಿಸಿದರೆ 15,000. ಪೆಟ್ರೋಲು, ರಜೆ, ಮಳೆಗಾಲಗಳು ಇದರಲ್ಲಿ ಪಾಲು ಕೇಳುತ್ತವೆ. ಇಷ್ಟರಿಂದಲೇ ಸಂಸಾರ ಸಾಗದು. ಮದುವೆ, ಜಾತ್ರೆಗಳಿಗೆ ಊರು ಬಿಟ್ಟು ಹೋಗುವವರ ನಾಯಿಗಳನ್ನು ಇರಿಸಿಕೊಳ್ಳುವುದು, ಸ್ನಾನ ಮಾಡಿಸುವುದು, ಪಶುವೈದ್ಯರ ಬಳಿಗೆ ಒಯ್ಯುವುದು, ಇವೆಲ್ಲ ಸೇರಿದರೆ ಮಾತ್ರ ಇದು ವೃತ್ತಿಯೆನಿಸೀತು. ಮುದ್ರಾ ಯೋಜನೆಯ ಶಿಶು ವರ್ಗದಲ್ಲಿ 50,000 ರೂಪಾಯಿಯವರೆಗೆ ಸಾಲ ಸಿಗುವುದಾದರೂ, ಹಗ್ಗ ಪಟ್ಟಿಗಳಿಗೆ ಸಾಲವೇತಕ್ಕೆ?

ಬಂಡವಾಳಕ್ಕಿಂತ ಬೀದಿಯೇ ದೊಡ್ಡ ಸಮಸ್ಯೆ. ಚಹಾದಂಗಡಿಯ ಮುಂದೆ ಮಲಗಿದ ನಾಯಿಯು ಮುಂದಿನ ಮೋರಿಯವರೆಗೆ ಬೆನ್ನಟ್ಟಿ ನಿಲ್ಲುತ್ತದೆ. ಮೋರಿಯಾಚೆ ಇನ್ನೊಂದು ಪಡೆಯ ರಾಜ್ಯ. ಸಂತಾನಹರಣದ ಬಳಿಕ ಬೀದಿನಾಯಿಯನ್ನು ಹಿಡಿದ ಸ್ಥಳಕ್ಕೇ ಮರಳಿ ಬಿಡಬೇಕೆಂಬುದು 2023ರ ನಿಯಮವಾಗಿರುವುದರಿಂದ ಈ ಗಡಿಗಳು ಸುಲಭವಾಗಿ ಅಳಿಯುವಂಥವಲ್ಲ, ಅವುಗಳನ್ನು ಅರಿತು ದಾರಿಯನ್ನು ಗೊತ್ತುಮಾಡಿಕೊಳ್ಳಬೇಕು. ತನ್ನ ವಶದಲ್ಲಿರುವ ಪ್ರಾಣಿಯಿಂದ ಪರರಿಗೆ ಅಪಾಯವಾಗದಂತೆ ಎಚ್ಚರ ವಹಿಸದವನಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಪ್ರಕರಣದಂತೆ ಆರು ತಿಂಗಳ ಸೆರೆ ಅಥವಾ 5,000 ರೂಪಾಯಿ ದಂಡ, ಇಲ್ಲವೆ ಎರಡೂ ಆಗಬಹುದು. ಹಗ್ಗವು ಕೈಯಲ್ಲಿರುವಷ್ಟು ಹೊತ್ತು ನಾಯಿಯ ಹೊಣೆಯು ಅಡ್ಡಾಡಿಸುವವನದೂ ಹೌದು. ಆದುದರಿಂದ ರೇಬೀಸ್ ಲಸಿಕೆಯ ಚೀಟಿಯನ್ನು ನೋಡದೆ ಯಾವ ನಾಯಿಯನ್ನೂ ಒಪ್ಪಿಕೊಳ್ಳಬಾರದು, ತಾನೂ ಮುಂಜಾಗ್ರತೆಯ ಲಸಿಕೆಯನ್ನು ಹಾಕಿಸಿಕೊಂಡಿರಬೇಕು.

ಗಿರಾಕಿಗಳನ್ನು ಹುಡುಕಲು ಗೋಡೆಗಳಿಗೆ ಜಾಹೀರಾತು ಅಂಟಿಸುವುದೂ ಬೇಡ. ಸೆಪ್ಟೆಂಬರ್ 28ರ ವಿಶ್ವ ರೇಬೀಸ್ ದಿನದ ಆಸುಪಾಸಿನಲ್ಲಿ ಪಶು ಆಸ್ಪತ್ರೆಗಳಲ್ಲಿ ಲಸಿಕೆಯ ಶಿಬಿರಗಳು ನಡೆಯುವಾಗ ರಾಣೆಬೆನ್ನೂರಿನ ಸಾಲಿನ ಬದಿಗೆ ಹೋಗಿ ನಿಂತು, ಯಾರ ತೋಳನ್ನು ನಾಯಿಯು ಎಲ್ಲರಿಗಿಂತ ಹೆಚ್ಚಾಗಿ ಜಗ್ಗುತ್ತಿದೆಯೋ ಅವರನ್ನು ಮೊದಲು ಮಾತನಾಡಿಸಿದರೆ ಸಾಕು.